ಸ್ಟೀಮಣ್ಣನ ಏಳು ಲೋಟ ಟೀ

ಸ್ಟೀಮಣ್ಣನಿಗೆ ಸಾಯುವವರೆಗೂ ಒಂದು ಮಾತು ಅರ್ಥವಾಗಲಿಲ್ಲ. ಮನುಷ್ಯ ಬಾಯ್ಲರ್ ಅಲ್ಲ. ಹೆಂಡತಿ ಕೂತಾಗ ಹೇಳಿದಳು, ನಿಂತಾಗ ಹೇಳಿದಳು, ಬಾಯಿ ನೋಯುವಷ್ಟು ಹೇಳಿದಳು. ಅವನು "ಹೂಂ" ಅಂದ. ಅವನ "ಹೂಂ" ಅಂದರೆ ಕೇಳಿಸಿತು ಅಂತ ಅಷ್ಟೇ. ಒಪ್ಪಿದೆ ಅಂತಲ್ಲ.

ಅವನು ದೊಡ್ಡದೊಂದು ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮೂರು ಆಸ್ಪತ್ರೆ, ನಾಲ್ಕು ಹೋಟೆಲಿನ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಗೆಯುವುದಕ್ಕೆ ಬಿಸಿನೀರು ಬೇಕು, ಒಣಗಿಸುವುದಕ್ಕೆ ಹಬೆ ಬೇಕು, ಇಸ್ತ್ರಿ ಉರುಳೆಗಳಿಗೂ ಹಬೆಯೇ ಬೇಕು. ಅಷ್ಟೂ ಹಬೆ ಹಿಂದಿನ ತಗಡಿನ ಕೋಣೆಯಿಂದ ಬರುತ್ತಿತ್ತು. ಆ ಕೋಣೆಗೆ ಅವನೇ ರಾಜ, ಅದಕ್ಕೇ ಎಲ್ಲರ ಬಾಯಲ್ಲೂ ಸ್ಟೀಮಣ್ಣ. ಹತ್ತೊಂಬತ್ತನೇ ವಯಸ್ಸಿಗೆ ಸೌದೆ ಎತ್ತಿಹಾಕಲು ಸೇರಿದವನು, ಮೂವತ್ತು ದಾಟುವ ಹೊತ್ತಿಗೆ ಬಾಯ್ಲರಿನ ಸದ್ದು ಕೇಳಿಯೇ ಅದರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳುತ್ತಿದ್ದ. ಹೆಂಡತಿಯ ಹೊಟ್ಟೆಯಲ್ಲಿ ಏನಿದೆ ಅಂತ ಮಾತ್ರ ಐದು ತಿಂಗಳಾದರೂ ಗೊತ್ತಾಗಲಿಲ್ಲ. ಅವಳೇ ಹೇಳಬೇಕಾಯಿತು.

ಅವಳೂ ಅಲ್ಲೇ ಕೆಲಸಕ್ಕಿದ್ದಳು. ಮಡಚುವ ವಿಭಾಗ. ಉದ್ದ ಮೇಜು, ಎದುರಿಗೊಬ್ಬಳು, ಇತ್ತ ಇವಳು. ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಎಳೆ, ಒದರು, ಅರ್ಧಕ್ಕೆ ಮಡಚು, ಮತ್ತೆ ಅರ್ಧಕ್ಕೆ. ದಿನಕ್ಕೆ ಐನೂರು. ಉರುಳೆಯಿಂದ ಬಂದ ಬಟ್ಟೆ ಕೈ ಸುಡುವಷ್ಟು ಬಿಸಿಯಿದ್ದರೆ ಹಿಂದಿನ ಕೋಣೆಯಲ್ಲಿ ಗಂಡ ಸರಿಯಾಗಿದ್ದಾನೆ ಅಂತ ಅರ್ಥ. ತಣ್ಣಗೆ, ಹಸಿಹಸಿಯಾಗಿ ಬಂದರೆ ಅವಳು ಗೋಡೆಯ ಕಡೆ ತಿರುಗಿ, "ಟೀಗೆ ಹೋಗಿರ್ಬೇಕು ಮಹಾರಾಯ" ಅನ್ನುತ್ತಿದ್ದಳು. ಎದುರಿನವಳು ಬಿದ್ದು ಬಿದ್ದು ನಗುತ್ತಿದ್ದಳು.

ಟೀ ಅವನಿಗೆ ಉಸಿರು. ದಿನಕ್ಕೆ ಏಳು ಲೋಟ, ದೊಡ್ಡ ಸ್ಟೀಲು ಲೋಟ. ಬಾಯ್ಲರ್ ಕೋಣೆಯ ಬಿಸಿ ಕೊಳವೆಯ ಮೇಲೆ ಪಾತ್ರೆ ಇಟ್ಟು ತಾನೇ ಕುದಿಸುತ್ತಿದ್ದ. ಮನೆಗೆ ಬಂದರೆ ಮತ್ತೆ ಬೇಕು. ಊಟಕ್ಕೆ ಕರೆದರೆ ಟೀ ಕುಡಿದು ಬರ್ತೀನಿ ಅನ್ನುವವನು. ಊಟ ಆದ ಮೇಲೆ ಬಾಯಿ ತೊಳೆಯುವುದಕ್ಕೂ ಟೀ ಬೇಕು ಅನ್ನುವವನು. ಇದು ಬರೀ ಚಪಲ ಆಗಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. ಅವನು ಅದಕ್ಕೊಂದು ಶಾಸ್ತ್ರ ಕಟ್ಟಿದ್ದ.

ಶಾಸ್ತ್ರ ಹುಟ್ಟಿದ್ದು ಹೀಗೆ. ಅಲ್ಲಿನ ನೀರು ಗಡಸು. ಗಡಸು ನೀರು ಕಾದು ಕಾದು ಬಾಯ್ಲರಿನ ಕೊಳವೆಗಳ ಒಳಗೆ ಸುಣ್ಣ ಕಟ್ಟುತ್ತದೆ. ಕಟ್ಟಿ ಕಟ್ಟಿ ಬೆರಳು ತೂರದಷ್ಟು ಸಣ್ಣ ತೂತಾಗುತ್ತದೆ. ಆಮೇಲೆ ಒತ್ತಡ ಏರಿ ಒಂದು ದಿನ ಕೊಳವೆ ಸಿಡಿಯುತ್ತದೆ. ಸುಣ್ಣ ಕಟ್ಟದ ಹಾಗೆ ನೀರಿಗೆ ಒಂದು ಕಂದು ಪುಡಿ ಹಾಕುತ್ತಾರೆ. ಮರದ ತೊಗಟೆಯಿಂದ ತೆಗೆದ ಒಗರು ಪುಡಿ ಅದು. ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ, ಪುಡಿ ಬರುವುದು ತಡವಾದಾಗೆಲ್ಲ ಟೀ ಚರಟವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ತೊಟ್ಟಿಗೆ ಇಳಿಬಿಡುತ್ತಿದ್ದನಂತೆ. "ಎರಡೂ ಒಂದೇ ಒಗರು ಕಣೋ" ಅಂದಿದ್ದನಂತೆ. ಆ ಮಾತು ಇವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

"ಬಾಯ್ಲರಿನ ಕೊಳವೆ ಕ್ಲೀನ್ ಆಗತ್ತೆ ಅಂದ್ಮೇಲೆ, ಮೈಯೊಳಗಿನ ಕೊಳವೆ ಆಗಲ್ವಾ?" ಇದು ಅವನ ಪ್ರಶ್ನೆ. ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಗೆದ್ದೆ ಅಂದುಕೊಂಡ.

ಐವತ್ತೆರಡನೇ ವಯಸ್ಸಿಗೆ ಲಾಂಡ್ರಿಯಲ್ಲಿ ಎಲ್ಲರನ್ನೂ ಡಾಕ್ಟರಿಂದ ಪರೀಕ್ಷೆ ಮಾಡಿಸಿದರು. ಮಡಚುವ ಮೇಜನ್ನೇ ಖಾಲಿ ಮಾಡಿ ಡಾಕ್ಟರಮ್ಮನಿಗೆ ಕೊಟ್ಟಿದ್ದರು. ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೂರ ಎಂಬತ್ತೆರಡು, ನೂರ ಹತ್ತು. ಡಾಕ್ಟರಮ್ಮ ಮತ್ತೊಂದು ಸಲ ಸುತ್ತಿದರು. ಅಷ್ಟೇ ಬಂತು.

"ತಲೆನೋವು ಇದ್ಯಾ?"

"ಇಲ್ಲ."

"ತಲೆಸುತ್ತು?"

"ಇವಳು ಮಾತಾಡಿದಾಗ ಬರತ್ತೆ."

ಸಾಲಿನಲ್ಲಿದ್ದವರೆಲ್ಲ ಘೊಳ್ಳೆಂದರು. ಡಾಕ್ಟರಮ್ಮ ನಗಲಿಲ್ಲ. ದಿನಾ ಬೆಳಿಗ್ಗೆ ಒಂದು ಮಾತ್ರೆ ಬರೆದುಕೊಟ್ಟರು. ನಿಲ್ಲಿಸುವ ಹಾಗಿಲ್ಲ, ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು. ಹೆಂಡತಿ ಚೀಟಿ ಇಸಿದುಕೊಂಡಳು. ಅವತ್ತೇ ಮಾತ್ರೆ ತಂದಳು.

ಒಂದು ತಿಂಗಳು ನುಂಗಿದ. ತೋರಿಸಿದರು. ನೂರ ಮೂವತ್ತೆರಡು, ಎಂಬತ್ತನಾಲ್ಕು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅವನಿಗೂ ಖುಷಿಯಾಯಿತು. ಆದರೆ ಅವನ ಖುಷಿ ಬೇರೆ ಕಡೆ ತಿರುಗಿತು ಅಂತ ಅವಳಿಗೆ ಆಗ ಗೊತ್ತಾಗಲಿಲ್ಲ. ಮುಂದಿನ ತಿಂಗಳು ತೋರಿಸಲು ಹೋಗೋಣ ಅಂದರೆ, "ನಾನೇ ಕೆಲಸದಿಂದ ಹಾಗೇ ಹೋಗಿ ಬಂದೆ, ಚೆನ್ನಾಗಿದೆ ಅಂದ್ರು" ಅಂದ. "ಮಾತ್ರೆ ನನ್ನ ಹತ್ರ ಕೊಡು. ಬೆಳಿಗ್ಗೆ ಇಲ್ಲಿ ಖಾಲಿ ಹೊಟ್ಟೆ. ಅಲ್ಲಿ ತಿಂಡಿ ಆದ್ಮೇಲೆ ತಗೋತೀನಿ" ಅಂದ. ಒಳ್ಳೇ ಮಾತೇ ಆಡಿದ ಅಂತ ಕೊಟ್ಟಳು.

ಅದೇ ಸುಮಾರಿಗೆ ಕ್ಷೌರದ ಅಂಗಡಿಯವನು ಒಂದು ವಾರಪತ್ರಿಕೆಯ ಹಾಳೆ ಓದಿ ಹೇಳಿದನಂತೆ. ಟೀ ಕುಡಿದರೆ ರಕ್ತನಾಳದ ಒಳಗೋಡೆಗೆ ಒಳ್ಳೆಯದು, ನಾಳ ಚೆನ್ನಾಗಿ ಹಿಗ್ಗುತ್ತದೆ ಅಂತ ಅದರಲ್ಲಿ ಇತ್ತಂತೆ. ಅರ್ಧ ಗಡ್ಡ ಹೆರೆದಿದ್ದ ಹಾಗೇ ಎದ್ದು ಕೂತು, "ಇನ್ನೊಂದ್ಸಲ ಓದು" ಅಂದನಂತೆ. ಹಾಳೆ ಹರಿದುಕೊಂಡು ಬಂದು ಬಾಯ್ಲರ್ ಕೋಣೆಯ ಗೋಡೆಗೆ ಅಂಟಿಸಿದ. ಬಂದವರಿಗೆಲ್ಲ ತೋರಿಸಿದ. ಹೆಂಡತಿಗೂ ತೋರಿಸಿದ.

"ನೋಡೇ. ನಾನು ಮೂವತ್ತು ವರ್ಷದಿಂದ ಬಡ್ಕೊಂಡಿದ್ದನ್ನ ಈಗ ಕಂಡುಹಿಡಿದವ್ರೆ."

"ಕಂಡುಹಿಡೀಲಿ ಬಿಡ್ರಿ. ಏಳು ಲೋಟ ಅಂತ ಬರ್ದಿದ್ಯಾ ಅದ್ರಲ್ಲಿ? ಲೋಟಕ್ಕೆ ಮೂರು ಚಮಚ ಸಕ್ಕರೆ ಅಂತ ಬರ್ದಿದ್ಯಾ?"

"ಅಷ್ಟೆಲ್ಲ ಬರೆಯೋಕೆ ಹಾಳೇಲಿ ಜಾಗ ಎಲ್ಲಿರತ್ತೆ?"

ಐದು ತಿಂಗಳು ಹೀಗೇ ಹೋಯಿತು. ಅವಳು ಪ್ರತಿ ತಿಂಗಳೂ ಮಾತ್ರೆ ತಂದಳು, ಅವನು ಜೇಬಿಗೆ ಹಾಕಿಕೊಂಡು ಹೋದ. ಒಂದು ಸಂಜೆ ಕೆಲಸ ಮುಗಿಸಿ ಹೊರಡುವಾಗ ಗೇಟಿನ ಕಾವಲುಗಾರ ಅವಳನ್ನು ತಡೆದು ನಿಲ್ಲಿಸಿದ. ದಪ್ಪ ಆಳು, ಒಳ್ಳೆಯವನು.

"ಅಕ್ಕಾ, ಅಣ್ಣಂಗೆ ಸ್ವಲ್ಪ ನೆನಪು ಮಾಡ್ತೀರಾ? ಈ ತಿಂಗಳ ಮಾತ್ರೆ ಇನ್ನೂ ಕೊಟ್ಟಿಲ್ಲ. ನಿನ್ನೆಗೇ ಮುಗೀತು."

"ಯಾವ ಮಾತ್ರೆ?"

"ಅದೇ ಅಕ್ಕಾ, ಬಿಪಿದು. ತುಂಬ ಒಳ್ಳೆ ಮಾತ್ರೆ. ನಿಮ್ಮ ಉಪಕಾರ ಮರೆಯಲ್ಲ."

ಅವಳು ಅಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಂದ ಮಡಚುವ ವಿಭಾಗದವರು ಸುತ್ತ ಹಾಯ್ದು ಮುಂದೆ ಹೋದರು. ಕಾವಲುಗಾರನ ಮೇಲೆ ಕೂಗಾಡಬೇಕು ಅನಿಸಿತು. ಅವನದೇನು ತಪ್ಪು? "ನೀನು ನಿನ್ನ ಡಾಕ್ಟರ ಹತ್ರ ಹೋಗಪ್ಪ. ಇನ್ನೊಬ್ಬರ ಮಾತ್ರೆ ನುಂಗ್ಬೇಡ" ಅಂತ ಮಾತ್ರ ಹೇಳಿ ತಿರುಗಿ ಬಾಯ್ಲರ್ ಕೋಣೆಗೆ ಹೋದಳು.

ಅವನು ಲೋಟ ಹಿಡಿದು ಕೂತಿದ್ದ.

"ಮಾತ್ರೆ ಎಲ್ಲಿ?"

ಅವಳ ಮುಖ ನೋಡಿಯೇ ವಿಷಯ ಗೊತ್ತಾಯಿತು. ಸುಳ್ಳು ಹೇಳಲಿಲ್ಲ. ಅದೊಂದು ಗುಣ ಇತ್ತು, ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳುತ್ತಿರಲಿಲ್ಲ.

"ಗೇಟಿನವನ ಮೀಟರಿನ ಸೂಜಿ ಕೆಂಪಲ್ಲಿತ್ತು ಕಣೇ. ನಂದು ಹಸಿರಿಗೆ ಬಂದಿತ್ತಲ್ಲ. ಹಸಿರಿಗೆ ಬಂದ್ಮೇಲೆ ಯಾವನಾದ್ರೂ ವಾಲ್ವು ತೆಗೆದಿಟ್ಟು ಕೂತ್ಕೋತಾನಾ? ಹಬೆಯೆಲ್ಲ ದಂಡ."

"ಹಸಿರಿಗೆ ತಂದಿದ್ದು ಯಾರ್ರೀ? ಮಾತ್ರೆ ತಾನೇ?"

"ತಂತಲ್ಲ? ಕೆಲಸ ಆಯ್ತು. ಇನ್ನು ಮತ್ತೆ ಕಟ್ಟದ ಹಾಗೆ ನೋಡ್ಕೋಬೇಕು. ಅದಕ್ಕೆ ಇದಿದೆ." ಲೋಟ ಎತ್ತಿ ತೋರಿಸಿದ.

ಅವಳಿಗೆ ಹಣೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಬಾಯ್ಲರಿಗೇ ಚಚ್ಚಿಕೊಳ್ಳೋಣ ಅಂದರೆ ಅದು ಬಿಸಿ. ಅವನ ಕೈಯಿಂದ ಲೋಟ ಕಿತ್ತು ಕೆಳಗಿಟ್ಟಳು. ಮೈಮೇಲಿನ ಕೆಲಸದ ಬಟ್ಟೆಯಲ್ಲೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ನೂರ ಎಪ್ಪತ್ತೆಂಟು ಇತ್ತು. ಡಾಕ್ಟರಮ್ಮ ಸಿಟ್ಟು ಮಾಡಲಿಲ್ಲ. ಅವನು ಗೋಡೆಯಿಂದ ಕಿತ್ತು ತಂದಿದ್ದ ಹಾಳೆಯನ್ನು ಪೂರ್ತಿ ಓದಿದರು.

"ಇದು ಸುಳ್ಳಲ್ಲ. ಟೀ ಕುಡಿದ್ಮೇಲೆ ಒಂದೆರಡು ಗಂಟೆ ರಕ್ತನಾಳ ಸ್ವಲ್ಪ ಚೆನ್ನಾಗಿ ಹಿಗ್ಗತ್ತೆ ಅಂತ ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಹಾಲು ಹಾಕಿದ್ರೆ ಆ ಲಾಭ ಹೋಗತ್ತೆ ಅಂತ ಕೆಲವ್ರು, ಇಲ್ಲ ಅಂತ ಕೆಲವ್ರು. ಇನ್ನೂ ತೀರ್ಮಾನ ಆಗಿಲ್ಲ. ಕುಡೀರಿ, ನಾನು ಬೇಡ ಅನ್ನಲ್ಲ. ಲೋಟ ಕಡಿಮೆ ಮಾಡಿ, ಸಕ್ಕರೆ ಕಡಿಮೆ ಮಾಡಿ. ಆದ್ರೆ ನಾಳದೊಳಗೆ ಕಟ್ಟಿದ್ದನ್ನ ಟೀ ತೊಳೆಯಲ್ಲ. ನಾಳ ಕಬ್ಬಿಣದ ಕೊಳವೆ ಅಲ್ಲ, ಜೀವ ಇರೋ ಮಾಂಸ. ಅದರೊಳಗೆ ಕಟ್ಟೋದು ಸುಣ್ಣದ ನೀರಿಂದ ಬರೋದೂ ಅಲ್ಲ."

"ಹೂಂ" ಅಂದ.

"ನಿಮ್ಮ ಭಾಷೆಯಲ್ಲೇ ಹೇಳ್ತೀನಿ ಕೇಳಿ. ಬಾಯ್ಲರಲ್ಲಿ ಸೂಜಿ ಕೆಂಪಿಗೆ ಏರಿದ್ರೆ ನೀವು ಬೆಂಕಿ ತಗ್ಗಿಸ್ತೀರಿ. ಇಲ್ಲಿ ಬೆಂಕಿ ನಿಮ್ಮ ಕೈಯಲ್ಲಿಲ್ಲ. ಅದು ಆರೋದೇ ಇಲ್ಲ. ಆರಿದ್ರೆ ನೀವೇ ಇರಲ್ಲ. ಹಾಗಾಗಿ ವಾಲ್ವು ದಿನಾ ತೆಗೀಬೇಕು. ಮಾತ್ರೆ ಅಂದ್ರೆ ಆ ವಾಲ್ವು."

ಅವನು ತಲೆಯಾಡಿಸಿ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. ಮುಟ್ಟಿತು ಅಂದುಕೊಂಡಳು ಅವಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅವನು ಹೇಳಿದ್ದು ಇಷ್ಟು: "ಕೇಳಿಸ್ಕೊಂಡ್ಯಾ? ಸುಳ್ಳಲ್ಲ ಅಂದ್ರು."

ಅಲ್ಲಿಂದ ಅವಳು ಅವನನ್ನು ನಂಬುವುದನ್ನು ಬಿಟ್ಟಳು. ಬೆಳಿಗ್ಗೆ ತಾನೇ ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿಸಿ, "ಆ ಅನ್ನಿ" ಅಂತ ನಾಲಗೆ ಎತ್ತಿಸಿ ನೋಡುತ್ತಿದ್ದಳು. ಐವತ್ತಮೂರರ ಗಂಡಸು ಮಗುವಿನ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದ. "ಹೊಟ್ಟೆ ಒಳಗೂ ಬಗ್ಗಿ ನೋಡೇ, ಟಾರ್ಚು ಕೊಡ್ಲಾ?" ಅನ್ನುತ್ತಿದ್ದ. ಅವಳಿಗೆ ನಗು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದಳು. ನಕ್ಕರೆ ಸೋತ ಹಾಗೆ. ಒಂದು ವರ್ಷ ಎರಡು ತಿಂಗಳು ಹೀಗೇ ನಡೆಯಿತು. ಅಷ್ಟೂ ದಿನ ಒತ್ತಡ ಸರಿಯಾಗಿತ್ತು. ಅಷ್ಟೂ ದಿನ ಅವನು ಅದರ ಹೆಸರನ್ನೆಲ್ಲ ಟೀಗೇ ಕೊಟ್ಟ.

ಆಮೇಲೆ ಮಗಳ ಹೆರಿಗೆ ಬಂತು. ಮಗಳ ಮನೆ ಒಂದು ರಾತ್ರಿ ರೈಲಿನಷ್ಟು ದೂರ. ಹೋಗದೆ ಆಗುವುದಿಲ್ಲ. ಹೊರಡುವ ಮುಂಚೆ ಮಾತ್ರೆಗಳನ್ನು ದಿನಕ್ಕೊಂದರಂತೆ ಕತ್ತರಿಸಿ ಕಾಗದದಲ್ಲಿ ಸುತ್ತಿ, ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ದಿನಾ ಬೆಳಿಗ್ಗೆ ಫೋನ್ ಮಾಡಿದಳು.

"ತಗೊಂಡ್ರಾ?"

"ಹೂಂ."

"ನನ್ನಾಣೆ?"

"ನಿನ್ನಾಣೆ ಯಾಕೆ ಹಾಕ್ಲಿ? ನೀನು ನನಗೆ ಬೇಕು."

ಇಂಥ ಮಾತಿಗೆ ಏನನ್ನುವುದು? ಪಕ್ಕದಲ್ಲಿ ಬಾಣಂತಿ, ತೋಳಲ್ಲಿ ಕೂಸು. ಫೋನ್ ಇಟ್ಟಳು. ಅಷ್ಟು ದೂರದಿಂದ ಬಾಯಿ ತೆರೆಸಿ ನೋಡುವುದಕ್ಕೆ ಆಗುವುದಿಲ್ಲ.

ಇಪ್ಪತ್ತಮೂರನೇ ದಿನ ನಾದಿನಿ ಫೋನ್ ಮಾಡಿದಳು. ಅವನ ತಂಗಿ, ಎರಡು ಬೀದಿ ಆಚೆ ಇರುವವಳು. ಅಣ್ಣ ಬಾಯ್ಲರ್ ಕೋಣೆಯಲ್ಲಿ ಬಿದ್ದ, ಬಲಗೈ ಮೇಲೇಳುತ್ತಿಲ್ಲ, ಮಾತು ತೊದಲುತ್ತಿದೆ ಅಂದಳು. ಬೀಳುವಾಗಲೂ ಎಡಗೈಯಲ್ಲಿ ಬೆಂಕಿ ತಗ್ಗಿಸಿಯೇ ಬಿದ್ದಿದ್ದನಂತೆ. ಬಾಯ್ಲರಿಗೆ ಏನೂ ಆಗಲಿಲ್ಲ.

ಆಸ್ಪತ್ರೆಗೆ ಬಂದಾಗ ಅವನ ಕೆಳಗೆ ಹಾಸಿದ್ದ ದುಪ್ಪಟಿಯ ಅಂಚಿನಲ್ಲಿ ಲಾಂಡ್ರಿಯ ಗುರುತು ಇತ್ತು. ಇವಳ ವಿಭಾಗದಲ್ಲೇ ಮಡಚಿದ್ದು. ಅವಳು ಅಂಚನ್ನು ಒಳಗೆ ಸಿಕ್ಕಿಸಿದಳು, ಕಣ್ಣಿಗೆ ಬೀಳದ ಹಾಗೆ.

ಅವನಿಗೆ ಎಚ್ಚರವಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

"ಮಾತ್ರೆ ತಗೊಂಡಿರ್ಲಿಲ್ಲ ಅಲ್ವಾ?"

ಕಣ್ಣು ಮುಚ್ಚಿ ತೆಗೆದ. ಅದೇ "ಹೂಂ".

"ಒಂದೂ?"

ಮತ್ತೆ ಮುಚ್ಚಿ ತೆಗೆದ. ಆಮೇಲೆ ತುಂಬ ಕಷ್ಟಪಟ್ಟು, ಒಂದೊಂದೇ ಅಕ್ಷರ ನೂಕಿ ನೂಕಿ ಹೇಳಿದ: "ಹಾಲು... ಹಾಕ್ಬಾರದಿತ್ತು... ಕಣೇ."

ಅವಳಿಗೆ ಅಳು ಬರಲಿಲ್ಲ. ಅಂಥ ಸಿಟ್ಟು ಜೀವಮಾನದಲ್ಲಿ ಬಂದಿರಲಿಲ್ಲ. ಸಾಯುವ ಹೊತ್ತಿಗೂ ಈ ಮನುಷ್ಯ ಪುಡಿಯ ಅಳತೆ ತಪ್ಪಿತು ಅಂತ ಯೋಚನೆ ಮಾಡುತ್ತಿದ್ದಾನೆ. "ಹಾಲಿಗೆ ಬೆಂಕಿ ಹಾಕ" ಅಂದಳು. ಅವನ ಸರಿಯಿದ್ದ ಕೈ ಹಿಡಿದುಕೊಂಡು ಅಂದಳು. ನಾಲ್ಕನೇ ದಿನ ಮತ್ತೊಂದು ಸಲ ಲಕ್ವ ಹೊಡೆಯಿತು, ಈ ಸಲ ದೊಡ್ಡದು. ಮಧ್ಯಾಹ್ನ ಊಟದ ಹೊತ್ತಿಗೆ ಹೋದ. ಐವತ್ತನಾಲ್ಕು ವಯಸ್ಸು.

ಮನೆಗೆ ಬಂದ ಮೇಲೆ ಅಡುಗೆಮನೆಯ ಕಿಟಕಿ ನೋಡಿದಳು. ಕಾಗದದ ಪೊಟ್ಟಣಗಳು ಇಟ್ಟ ಹಾಗೇ ಸಾಲಾಗಿದ್ದವು. ಧೂಳು ಕೂತಿತ್ತು.

ಮಾತಾಡಿಸಲು ಜನ ಬಂದರು. ಬಂದವರದೆಲ್ಲ ಒಂದೇ ರಾಗ. ಟೀ ಕುಡಿದು ಕುಡಿದು ನರ ಸುಟ್ಟುಕೊಂಡ ಅಂದರು. ಟೀ ವಿಷ ಅಂದರು. ರಕ್ತ ಕಪ್ಪಾಗಿ ಹೆಪ್ಪುಗಟ್ಟಿತು ಅಂದರು. ಹೇಳುತ್ತಾ ಹೇಳುತ್ತಾ ಅವಳು ಕೊಟ್ಟ ಟೀಯನ್ನೇ ಹೀರಿದರು. ಎಂಟು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡು ಕೇಳಿದಳು. ಒಂಬತ್ತನೇ ದಿನ ನಾದಿನಿ ಬಂದು ಗೋಡೆಗೆ ಒರಗಿ ಕೂತು ಅದೇ ಶುರು ಮಾಡಿದಳು.

"ಆ ಟೀನೇ ಅಣ್ಣನ್ನ ತಿಂದಿದ್ದು ಅತ್ತಿಗೆ. ನೀನಾದ್ರೂ ಬಿಡಿಸ್ಬೇಕಿತ್ತು."

"ಟೀ ಏನೂ ತಿನ್ನಲಿಲ್ಲ" ಅಂದಳು ಅವಳು. ತನ್ನ ಗಂಟಲು ಇಷ್ಟು ಜೋರಾಗಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. "ಟೀ ಅದರಷ್ಟಕ್ಕೆ ಅದಿತ್ತು. ಸ್ವಲ್ಪ ಒಳ್ಳೇದೂ ಮಾಡಿರಬಹುದು, ಡಾಕ್ಟರೇ ಹೇಳಿದ್ರು. ಮಾತ್ರೆ ಬಿಟ್ರು, ಸತ್ರು. ಅಷ್ಟೇ ಕತೆ. ಟೀ ಮೇಲೆ ಹಾಕಿ ಕೈ ತೊಳ್ಕೋಬೇಡಿ ನೀವೆಲ್ಲ."

ನಾದಿನಿ ಸೆರಗಿನ ತುದಿ ಸುರುಳಿ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

"ಏನು?" ಅಂದಳು ಇವಳು.

"ಏನಿಲ್ಲ."

"ಏನು ಅಂತ ಬೊಗಳು."

"ನಂಗೂ ಬಿಪಿ ಮಾತ್ರೆ ಕೊಟ್ಟಿದ್ರು ಅತ್ತಿಗೆ. ಹೋದ ವರ್ಷ. ತಲೆನೋವು ನಿಂತೋಯ್ತಲ್ಲ ಅಂತ... ಮೂರು ತಿಂಗಳಾಯ್ತು ಬಿಟ್ಟು. ಅಣ್ಣನೇ ಹೇಳಿದ್ದ, ಸರಿಹೋದ್ಮೇಲೆ ಬೇಡ, ಟೀ ಕುಡಿ ಅಂತ."

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಇದೇನೇ, ನಿಮ್ಮ ಮನೆತನದ ಕಸುಬಾ? ಹೋದವನು ತಾನು ಹೋಗಿದ್ದು ಸಾಲದು ಅಂತ ತಂಗಿಗೂ ದಾರಿ ತೋರಿಸಿ ಹೋದ್ನಾ?" ಎದ್ದಳು. ಚಪ್ಪಲಿ ಮೆಟ್ಟಿದಳು. "ಏಳು."

"ಎಲ್ಲಿಗೆ?"

"ಏಳೇ ಅಂದ್ರೆ."

"ನಾಳೆ ಹೋದ್ರಾಯ್ತು ಅತ್ತಿಗೆ, ಈ ಮುಖದಲ್ಲಿ..."

"ಮುಖ ತೋರ್ಸೋಕೆ ಅಲ್ಲ ಹೋಗ್ತಿರೋದು, ತೋಳು ತೋರ್ಸೋಕೆ. ನಾಳೆ ಅಂತ ನಿಮ್ಮಣ್ಣನ ಹತ್ರಾನೂ ಕೇಳಿ ಕೇಳಿ ಸಾಕಾಗಿದೆ."

ದಾರಿಯುದ್ದಕ್ಕೂ ನಾದಿನಿ ಮೂಗು ಒರೆಸಿಕೊಂಡಳು. ಬಸ್ ನಿಲ್ದಾಣ ದಾಟಿದರು, ಔಷಧದ ಅಂಗಡಿ ದಾಟಿದರು. "ಅಣ್ಣ ಹೋಗಿ ಹತ್ತು ದಿನ ಆಗಿಲ್ಲ. ಅವನನ್ನ ಹೀಗೆ ಬೈತೀಯಲ್ಲ" ಅಂದಳು.

"ಸಾಕಷ್ಟು ಬೈಲಿಲ್ಲ. ಅದೇ ನನ್ನ ತಪ್ಪು."

ಡಾಕ್ಟರಮ್ಮನ ಬಾಗಿಲಲ್ಲಿ ಏಳು ಜನ ಇದ್ದರು. ಚೀಟಿ ತೆಗೆದುಕೊಂಡು ಕಾದರು. ಸರದಿ ಬಂದಾಗ ಇಬ್ಬರೂ ಒಳಗೆ ಹೋದರು. ಡಾಕ್ಟರಮ್ಮ ಇವಳನ್ನು ನೋಡಿ ಏನೋ ಹೇಳಲು ಹೊರಟರು. ಇವಳು ನಾದಿನಿಯ ತೋಳು ಹಿಡಿದು ಮೇಜಿನ ಮೇಲೆ ಇಟ್ಟಳು. ಡಾಕ್ಟರಮ್ಮ ಅರ್ಥ ಮಾಡಿಕೊಂಡು ಪಟ್ಟಿ ಸುತ್ತಿದರು. ಗಾಳಿ ತುಂಬಿ, ಬಿಟ್ಟರು. ನೂರ ಎಪ್ಪತ್ತು.

"ಮಾತ್ರೆ ಯಾಕೆ ಬಿಟ್ರಿ?"

"ಚೆನ್ನಾಗಿದ್ದೆ ಅಂತ" ಅಂದಳು ನಾದಿನಿ. ದನಿ ಅವಳ ಅಣ್ಣನದೇ. ಅದೇ ಮೊಂಡು, ಅದೇ ಅಮಾಯಕತನ.

ಇವಳು ಎದ್ದು ಹೊರಗೆ ಬಂದಳು. ಬೆಂಚಿನ ತುದಿಯಲ್ಲಿ ಕೂತು ಅತ್ತಳು. ಆಸ್ಪತ್ರೆಯಲ್ಲಿ ಬಾರದಿದ್ದುದು, ಎಂಟು ದಿನ ಜನರ ಮುಂದೆ ಬಾರದಿದ್ದುದು ಎಲ್ಲ ಒಟ್ಟಿಗೆ ಬಂತು. ಪಕ್ಕದಲ್ಲಿದ್ದ ಮುದುಕಿ ಜರುಗಿ ಜಾಗ ಕೊಟ್ಟಳು, ಏನೂ ಕೇಳಲಿಲ್ಲ. ಒಳಗಿನಿಂದ ಕರೆದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಅವಳೇ ಕೇಳಿಸಿಕೊಳ್ಳಬೇಕಿತ್ತು. ಆ ಮನೆತನದವರ ಕಿವಿಯನ್ನು ನಂಬುವ ಹಾಗಿರಲಿಲ್ಲ.